ನೆಲ ನಡುಗಿದ ಮರುದಿನ ಫ್ಲಶ್ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ?

ಕಳೆದ ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು: 'ಎಸ್‌ಟಿಪಿ ಪಂಪು ಕೆಟ್ಟಿದೆ. ಮುಂದಿನ ಸೂಚನೆ ಬರುವವರೆಗೆ ದಯವಿಟ್ಟು ಟಾಯ್ಲೆಟ್, ವಾಷಿಂಗ್ ಮಷಿನ್ ಬಳಸಬೇಡಿ.'

ಮೊದಲು ನಗುವ ಇಮೋಜಿಗಳು ಬಂದವು. 'ಬಳಸಬೇಡಿ ಅಂದ್ರೆ ಏನ್ ಮಾಡೋದು, ತಡ್ಕೊಂಡು ಕೂರೋದಾ?' ಅಂತ ಯಾರೋ ಕೇಳಿದರು. ಒಂಬತ್ತು ಗಂಟೆ ಹೊತ್ತಿಗೆ ನೆಲಮಹಡಿಯ ಮನೆಯೊಂದರ ಬಾತ್‌ರೂಮಿನ ಜಾಲರಿಯಿಂದ ಕೊಳಚೆ ಮೇಲಕ್ಕೆ ಬರತೊಡಗಿದಾಗ ಇಮೋಜಿಗಳು ನಿಂತವು. ಪಂಪಿನ ಬಿಡಿಭಾಗ ಸಿಕ್ಕಿದ್ದು ಭಾನುವಾರ ಸಂಜೆ. ಅಲ್ಲಿಯವರೆಗೆ ಸಕ್ಕಿಂಗ್ ಟ್ಯಾಂಕರ್ ಲಾರಿ ಬಂದು ಹೋಗಿ ಮಾಡುತ್ತಿತ್ತು. ನಾನು ಹತ್ತಿರದ ಮಾಲ್‌ಗೆ, ಕಾಫಿ ಶಾಪಿಗೆ ಹೋಗಿ ಸುಧಾರಿಸಿಕೊಂಡೆ. ಮಂಡಿ ನೋವಿನ ಅಮ್ಮ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಭಾನುವಾರ ರಾತ್ರಿ ಅಮ್ಮನಿಗೆ ತಲೆ ಸುತ್ತು ಬಂತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ನೀರು ಎಷ್ಟು ಕುಡೀತಿದ್ದೀರಿ?" ಅಮ್ಮ ತಲೆ ತಗ್ಗಿಸಿ ಹೇಳಿದರು, "ನಿನ್ನೆಯಿಂದ ಒಂದು ಲೋಟ ಇರಬಹುದು."

ಆಟೋದಲ್ಲಿ ವಾಪಸ್ ಬರುವಾಗ ಬೈದೆ. "ಕುಡಿದ್ರೆ ಹೋಗ್ಬೇಕಲ್ಲೇ" ಅಂದರು. "ನಾವು ಹೋದ್ರೆ ಕೆಳಗಿನ ಮನೆಯವರ ಬಚ್ಚಲಿಗೆ ಬರುತ್ತೆ ಅಂತಾರೆ. ಹೆಂಗೆ ಹೋಗ್ಲಿ?"

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಮೂರನೇ ವರ್ಷದಲ್ಲಿ ಕೊಳಚೆ ನೀರಿನ ಸಂಸ್ಕರಣೆ ಒಂದು ಪೂರ್ತಿ ವಿಷಯವಾಗಿತ್ತು. ಆಮೇಲೆ ನಮ್ಮ ಬ್ಯಾಚಿನ ಅರ್ಧ ಜನರಂತೆ ಸಾಫ್ಟ್‌ವೇರಿಗೆ ಬಂದು, ಓದಿದ್ದನ್ನು ಮರೆತೆ. ಆ ರಾತ್ರಿ ಸಿವಿಲ್‌ನಲ್ಲೇ ಉಳಿದ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವಳು ನೀರಿನ ಟ್ಯಾಂಕು, ಎಸ್‌ಟಿಪಿಗಳ ಸ್ಟ್ರಕ್ಚರಲ್ ಡಿಸೈನ್ ಮಾಡುವವಳು. ಪೂರ್ತಿ ಕೇಳಿಸಿಕೊಂಡು, "ಒಂದು ಪಂಪು ಕೆಟ್ಟಿದ್ದಕ್ಕೇ ಹೀಗಾದ್ರೆ, ನೆಲವೇ ಕೆಟ್ಟರೆ ಏನ್ ಮಾಡ್ತೀಯೇ? ಕೋಬೆ ಬಗ್ಗೆ ಓದು" ಅಂದಳು.

ಓದಿದೆ. ವಾರಗಟ್ಟಲೆ ಓದಿದೆ. ಅದರಲ್ಲಿ ನನಗೆ ದಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಾಲುವೆಯೇ ಟ್ಯಾಂಕ್ ಆದ ಕಥೆ

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಜಪಾನಿನ ಬಂದರು ನಗರ ಕೋಬೆಯಲ್ಲಿ ಭೂಮಿ ನಡುಗಿತು. ಸತ್ತವರು 6,400ಕ್ಕೂ ಹೆಚ್ಚು. ಅಡ್ಡ ಮಗುಚಿ ಬಿದ್ದ ಎತ್ತರದ ಹೆದ್ದಾರಿಯ ಫೋಟೋವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ.

ಆ ಫೋಟೋದಷ್ಟು ಹೆಸರು ಮಾಡದ ಒಂದು ಜಾಗವಿದೆ: ಹಿಗಾಶಿನಾಡಾ ಕೊಳಚೆ ನೀರು ಸಂಸ್ಕರಣಾ ಘಟಕ. ಕೋಬೆಯ ಅತಿ ದೊಡ್ಡ ಘಟಕ ಅದು. ದಿನಕ್ಕೆ ಎರಡು ಲಕ್ಷ ಘನ ಮೀಟರಿಗಿಂತ ಹೆಚ್ಚು, ಅಂದರೆ 20 ಕೋಟಿ ಲೀಟರಿಗೂ ಮೀರಿ ಶುದ್ಧಗೊಳಿಸುವ ಸಾಮರ್ಥ್ಯ. ಇದ್ದದ್ದು ಸಮುದ್ರದ ಅಂಚಿನಲ್ಲಿ, ಮಣ್ಣು ತುಂಬಿಸಿ ಮಾಡಿದ ನೆಲದ ಮೇಲೆ.

ಎಸ್‌ಟಿಪಿಗಳು ಯಾಕೆ ಯಾವಾಗಲೂ ಊರಿನ ಅತ್ಯಂತ ತಗ್ಗು ಜಾಗದಲ್ಲೇ ಇರುತ್ತವೆ? ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರಲಿ ಅಂತ. ಶುದ್ಧವಾದ ನೀರನ್ನು ಹೊಳೆಗೋ ಸಮುದ್ರಕ್ಕೋ ಬಿಡಲು ಸುಲಭವಾಗಲಿ ಅಂತ. ಆದರೆ ಹೊಳೆಯ ದಂಡೆ, ಸಮುದ್ರದ ಅಂಚು, ಹಳೇ ಕೆರೆಯಂಗಳ ಇವೆಲ್ಲ ಸಡಿಲ ಮರಳು, ಮೇಲ್ಮಟ್ಟದಲ್ಲೇ ಅಂತರ್ಜಲ ಇರುವ ಜಾಗಗಳು. ಭೂಕಂಪಕ್ಕೆ ಇದಕ್ಕಿಂತ ಕೆಟ್ಟ ನೆಲ ಇಲ್ಲ.

ಬೀಚಿನಲ್ಲಿ ಅಲೆ ಹಿಂದೆ ಸರಿದ ಮೇಲೆ ಒದ್ದೆ ಮರಳಿನ ಮೇಲೆ ನಿಂತು ಕಾಲು ಕುಣಿಸಿ ನೋಡಿ. ಗಟ್ಟಿಯಾಗಿದ್ದ ಮರಳು ಅಂಬಲಿಯ ಹಾಗಾಗಿ ಪಾದ ಒಳಕ್ಕೆ ಇಳಿಯುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ಭಾರ ಹೊರುತ್ತಿರುತ್ತವೆ. ನಡುಗಿದಾಗ ಅವುಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳ ಹಿಡಿತ ತಪ್ಪುತ್ತದೆ. ಇದನ್ನು ಇಂಜಿನಿಯರುಗಳು ಲಿಕ್ವಿಫ್ಯಾಕ್ಷನ್ ಅನ್ನುತ್ತಾರೆ. ನೆಲವೇ ಕೆಲಹೊತ್ತು ದ್ರವದಂತೆ ವರ್ತಿಸುತ್ತದೆ.

ಹಿಗಾಶಿನಾಡಾದಲ್ಲಿ ಆದದ್ದು ಇದೇ. ಮಣ್ಣು ಕರಗಿದಂತಾಗಿ ಘಟಕದ ನೆಲ ಪಕ್ಕದ ಕಾಲುವೆಯ ಕಡೆ ಜಾರಿತು. ದಂಡೆಯ ಗೋಡೆ ಮೀಟರುಗಟ್ಟಲೆ ಸರಿಯಿತು. ನೆಲ ಒಂದು ಕಡೆ ಕುಸಿದು, ಒಂದು ಕಡೆ ನಿಂತು, ಕೊಳಚೆಯನ್ನು ಒಳಗೆ ತರುವ ಕೊಳವೆಗಳು, ಟ್ಯಾಂಕುಗಳ ನಡುವಿನ ಜೋಡಣೆಗಳು ಹರಿದುಹೋದವು. ಘಟಕ ನಿಂತಿತು.

ಆದರೆ ಕೊಳಚೆ ನಿಲ್ಲುವುದಿಲ್ಲ. ಕರೆಂಟು ಹೋದರೆ ದೀಪ ಆರುತ್ತದೆ, ರೈಲು ಹಳಿ ತಪ್ಪಿದರೆ ರೈಲು ಓಡುವುದಿಲ್ಲ. ಬದುಕಿದ ಮನುಷ್ಯ ಮಾತ್ರ ಭೂಕಂಪವಾದ ಅರ್ಧ ಗಂಟೆಯಲ್ಲಿ ಟಾಯ್ಲೆಟ್ಟಿಗೆ ಹೋಗಲೇಬೇಕು. ನಲ್ಲಿಯಲ್ಲಿ ನೀರು ಬರತೊಡಗಿದಂತೆಲ್ಲ ಕೊಳಚೆಯೂ ಹೆಚ್ಚುತ್ತದೆ.

ಅಲ್ಲಿನವರು ಏನು ಮಾಡಿದರು ಗೊತ್ತಾ? ಘಟಕದ ಪಕ್ಕದಲ್ಲಿದ್ದ ಅದೇ ಕಾಲುವೆಗೆ ಎರಡೂ ಕಡೆ ತಡೆ ಕಟ್ಟಿದರು. ಕೊಳಚೆಯನ್ನು ಅದರೊಳಗೆ ಬಿಟ್ಟು, ಗಸಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರಿಗೆ ಕ್ಲೋರಿನ್ ಹಾಕಿ ಸಮುದ್ರಕ್ಕೆ ಹರಿಸಿದರು. ದೋಣಿ ಓಡಾಡುವ ಕಾಲುವೆ ರಾತ್ರೋರಾತ್ರಿ ಟ್ಯಾಂಕ್ ಆಯಿತು. ಸುಮಾರು 100 ದಿನ ಹೀಗೇ ನಡೆಯಿತು, ಘಟಕ ಮತ್ತೆ ಎದ್ದು ನಿಲ್ಲುವವರೆಗೆ.

ಇದನ್ನು ಓದಿದಾಗ ನನ್ನೊಳಗಿನ ಸಾಫ್ಟ್‌ವೇರ್ ಇಂಜಿನಿಯರ್ ಎದ್ದು ಕೂತಳು. ನಮ್ಮ ಕೆಲಸದಲ್ಲಿ ಸರ್ವರ್ ಬೀಳುವುದೇ ಇಲ್ಲ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಬಿದ್ದಾಗ ಯಾವ ಸೇವೆಯನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಅಂತ ಮೊದಲೇ ಬರೆದಿಡುತ್ತೇವೆ. ಕೋಬೆಯವರು ಅದನ್ನು ಬಿದ್ದ ಮೇಲೆ ಕಂಡುಕೊಂಡರು. ಕಾಲುವೆ ಪಕ್ಕದಲ್ಲಿ ಇತ್ತು ಅನ್ನೋದು ಅವರ ಅದೃಷ್ಟ.

ಅಲುಗಾಡುವ ಚೊಂಬಿನ ಲೆಕ್ಕ

ಹಾಗಾದರೆ ಟ್ಯಾಂಕನ್ನು ಇನ್ನಷ್ಟು ದಪ್ಪ ಗೋಡೆಯಲ್ಲಿ ಕಟ್ಟಿದರೆ ಸಾಕಲ್ಲವೇ? ನಾನೂ ಹಾಗೇ ಕೇಳಿದೆ. ಗೆಳತಿ ನಕ್ಕು, "ತುಂಬಿದ ಚೊಂಬು ಹಿಡ್ಕೊಂಡು ಓಡಿ ನೋಡು" ಅಂದಳು.

2015ರ ಏಪ್ರಿಲ್ 25ರ ನೇಪಾಳ ಭೂಕಂಪದ ವಿಡಿಯೋ ನೆನಪಿರಬಹುದು. ಕಠ್ಮಂಡುವಿನ ಹೋಟೆಲೊಂದರ ಈಜುಕೊಳದ ನೀರು ಸಮುದ್ರದಂತೆ ಅಲೆಯೆದ್ದು ಹೊರಗೆ ಚೆಲ್ಲುತ್ತದೆ. ಎಸ್‌ಟಿಪಿ ಅಂದರೆ ಅಂಥ ಹತ್ತಾರು ಕೊಳಗಳ ಸಾಲು: ಕಸ ತಡೆಯುವ ಜಾಲರಿ, ಮರಳು ಇಳಿಸುವ ತೊಟ್ಟಿ, ಗಸಿ ಇಳಿಸುವ ಟ್ಯಾಂಕು, ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುವ ಟ್ಯಾಂಕು, ಮತ್ತೆ ಗಸಿ ಇಳಿಸುವ ಟ್ಯಾಂಕು, ಕೊನೆಗೆ ಕ್ಲೋರಿನ್.

ಅಮೆರಿಕದ ಕ್ಯಾಲ್ಟೆಕ್‌ನ ಜಾರ್ಜ್ ಹೌಸ್ನರ್ ಎಂಬ ವಿಜ್ಞಾನಿ 1950-60ರ ದಶಕಗಳಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಟ್ಯಾಂಕಿನ ನೀರನ್ನು ಎರಡು ಭಾಗ ಅಂತ ಭಾವಿಸಿ. ತಳದ ನೀರು ಗೋಡೆಗೆ ಅಂಟಿಕೊಂಡಂತೆ ಟ್ಯಾಂಕಿನ ಜೊತೆಗೇ ಅಲುಗಾಡುತ್ತದೆ. ಮೇಲಿನ ನೀರು ಉಯ್ಯಾಲೆಯಂತೆ ನಿಧಾನಕ್ಕೆ ತೂಗುತ್ತದೆ. ತಳದ ನೀರಿನ ಹೊಡೆತ ಗೋಡೆಯ ಬುಡಕ್ಕೆ. ಮೇಲಿನ ನೀರಿನ ಹೊಡೆತ ಗೋಡೆಯ ನೆತ್ತಿಗೆ, ಚಾವಣಿಗೆ, ಒಳಗಿನ ಸಲಕರಣೆಗೆ. ಇವತ್ತಿಗೂ ಜಗತ್ತಿನ ಬಹುತೇಕ ಡಿಸೈನ್ ಸಂಹಿತೆಗಳು ನಿಂತಿರುವುದು ಈ ಲೆಕ್ಕದ ಮೇಲೆಯೇ.

ನಾನೇ ಒಂದು ಲೆಕ್ಕ ಹಾಕಿ ನೋಡಿದೆ. 20 ಮೀಟರ್ ಉದ್ದ, 4 ಮೀಟರ್ ಆಳದ ನೀರಿರುವ ಟ್ಯಾಂಕಿನಲ್ಲಿ ಮೇಲಿನ ನೀರು ಒಮ್ಮೆ ಆ ಕಡೆ ಹೋಗಿ ಈ ಕಡೆ ಬರಲು ಸುಮಾರು 7 ಸೆಕೆಂಡ್ ಬೇಕು. ಕಟ್ಟಡಗಳನ್ನು ಹೆಚ್ಚಾಗಿ ಕಾಡುವ ನಡುಕ ಒಂದು ಸೆಕೆಂಡಿಗೂ ಕಡಿಮೆ ಅವಧಿಯದು. ಅಂದಮೇಲೆ 7 ಸೆಕೆಂಡಿನ ತೂಗಾಟಕ್ಕೆ ಭಯ ಯಾಕೆ? ಯಾಕೆಂದರೆ ದೊಡ್ಡ ಭೂಕಂಪಗಳು ನಿಧಾನದ ಅಲೆಗಳನ್ನೂ ಹುಟ್ಟಿಸುತ್ತವೆ. ಅವು ಬಹಳ ದೂರ ಸಾಗುತ್ತವೆ. 2003ರ ಸೆಪ್ಟೆಂಬರ್ 26ರಂದು ಜಪಾನಿನ ಹೊಕ್ಕೈಡೋ ಕರಾವಳಿಯಾಚೆ ಭೂಕಂಪವಾದಾಗ, ಕೇಂದ್ರದಿಂದ ಬಹಳ ದೂರದ ತೊಮಾಕೊಮಾಯಿಯಲ್ಲಿ ತೈಲದ ಟ್ಯಾಂಕುಗಳ ಒಳಗೆ ಎಣ್ಣೆ ತೂಗಾಡಿ ಬೆಂಕಿಯೇ ಹತ್ತಿತು. ಸಾಲದ್ದಕ್ಕೆ, ಒಮ್ಮೆ ತೂಗಲು ಶುರುವಾದ ನೀರು ಬೇಗ ನಿಲ್ಲುವುದಿಲ್ಲ. ಅದನ್ನು ತಡೆಯುವ ಘರ್ಷಣೆ ಕಾಂಕ್ರೀಟಿಗಿಂತ ಎಷ್ಟೋ ಪಾಲು ಕಡಿಮೆ.

ಹೀಗಾಗಿ ಡಿಸೈನ್ ಮಾಡುವವರು ನೀರಿನ ಮಟ್ಟದ ಮೇಲೆ ಅಲೆಗೆ ಜಾಗ ಬಿಡುತ್ತಾರೆ. ಗೋಡೆ ಅಷ್ಟು ಎತ್ತರಿಸಲು ಆಗದಿದ್ದರೆ ಚಾವಣಿಯನ್ನು ಆ ಹೊಡೆತ ತಡೆಯುವಂತೆ ಕಟ್ಟುತ್ತಾರೆ. ಗಸಿ ಇಳಿಸುವ ಟ್ಯಾಂಕಿನಲ್ಲಿ ನಿಧಾನಕ್ಕೆ ಸುತ್ತುವ ಕೆರೆಯುವ ತೋಳು, ನೀರನ್ನು ನಿಧಾನಿಸುವ ಅಡ್ಡಹಲಗೆ ಇರುತ್ತವಲ್ಲ, ಅವು ಸಾಮಾನ್ಯವಾಗಿ ಹಗುರ. ದಿನನಿತ್ಯದ ಹರಿವಿಗೆ ಮಾತ್ರ ಲೆಕ್ಕ ಹಾಕಿ ಮಾಡಿದ್ದರೆ ಮೊದಲು ಮುರಿಯುವುದು ಅವೇ. ಕಾಂಕ್ರೀಟ್ ಗೋಡೆಯಲ್ಲಿ ಒಂದು ಬಿರುಕೂ ಇಲ್ಲದೆ, ಒಳಗಿನ ತೋಳು ಬಾಗಿದ್ದಕ್ಕೇ ಘಟಕ ತಿಂಗಳುಗಟ್ಟಲೆ ನಿಲ್ಲಬಹುದು.

ತೇಲುವ ಟ್ಯಾಂಕು, ಹರಿಯುವ ಕೀಲು

ಇನ್ನೊಂದು ಸಂಗತಿ ನನಗೆ ಕಾಲೇಜಿನಲ್ಲಿ ತಲೆಗೇ ಹೋಗಿರಲಿಲ್ಲ. ನೆಲದೊಳಗಿನ ಟ್ಯಾಂಕು ಅಂದರೆ ಒಂದು ದೋಣಿ. ಸುತ್ತ ಅಂತರ್ಜಲವಿದ್ದು ಒಳಗೆ ಖಾಲಿ ಇದ್ದರೆ ಅದು ಮೇಲೇಳಲು ನೋಡುತ್ತದೆ. ಭೂಕಂಪದಲ್ಲಿ ಸುತ್ತಲ ಮಣ್ಣೇ ದ್ರವದಂತಾದರೆ? 2004ರ ಅಕ್ಟೋಬರ್ 23ರಂದು ಜಪಾನಿನ ನೀಗಾಟಾದಲ್ಲಿ ಭೂಕಂಪವಾದಾಗ ಸಾವಿರಕ್ಕೂ ಹೆಚ್ಚು ಮ್ಯಾನ್‌ಹೋಲ್‌ಗಳು ರಸ್ತೆಯನ್ನು ಸೀಳಿಕೊಂಡು ಮೇಲಕ್ಕೆ ಬಂದವು. ರಸ್ತೆ ನಡುವೆ ಕಾಂಕ್ರೀಟ್ ಕಂಬಗಳು ಮೊಳೆತಂತೆ ಕಾಣುವ ಆ ಫೋಟೋಗಳನ್ನು ನೋಡಿದರೆ ನಂಬಲಾಗುವುದಿಲ್ಲ.

ಇದಕ್ಕೆ ಮದ್ದು ಸರಳ. ಅಗೆದ ಗುಂಡಿಯನ್ನು ಮುಚ್ಚುವಾಗ ಸಡಿಲ ಮರಳಿನ ಬದಲು ಜಲ್ಲಿ ತುಂಬಬೇಕು, ನೀರಿನ ಒತ್ತಡ ಅದರೊಳಗಿಂದ ಹರಿದು ಹೋಗುತ್ತದೆ. ಇಲ್ಲವೇ ಮಣ್ಣಿಗೆ ಸಿಮೆಂಟ್ ಬೆರೆಸಿ ಗಟ್ಟಿ ಮಾಡಬೇಕು. ದೊಡ್ಡ ಟ್ಯಾಂಕಿಗೆ ತಳವನ್ನು ಭಾರ ಮಾಡುವುದು, ಪೈಲ್ ಹಾಕಿ ಹಿಡಿದಿಡುವುದು, ಕಟ್ಟುವ ಮೊದಲೇ ನೆಲವನ್ನು ಕುಟ್ಟಿ ಬಿಗಿ ಮಾಡುವುದು ಇವೆಲ್ಲ ದಾರಿಗಳಿವೆ.

ಕೀಲುಗಳದ್ದು ಮತ್ತೊಂದು ಕಥೆ. ಟ್ಯಾಂಕು ಪೈಲ್ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ, ಅದಕ್ಕೆ ಬರುವ ಪೈಪು ಮಣ್ಣಿನಲ್ಲಿ ಮಲಗಿರುತ್ತದೆ. ಭೂಕಂಪದಲ್ಲಿ ಇಬ್ಬರೂ ಬೇರೆ ಬೇರೆ ತಾಳಕ್ಕೆ ಕುಣಿಯುತ್ತಾರೆ. ಪೈಪು ಗೋಡೆಯೊಳಗೆ ನುಗ್ಗುವ ಜಾಗದಲ್ಲಿ ಬಿಗಿಯಾಗಿ ಸಿಮೆಂಟ್ ಮೆತ್ತಿದ್ದರೆ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಅಲ್ಲಿ ಬಾಗುವ, ಸ್ವಲ್ಪ ಜಾರುವ ಜೋಡಣೆ ಕೊಡಬೇಕು. "ಗಟ್ಟಿಯಾಗಿ ಕಟ್ಟೋದು ಎಲ್ರಿಗೂ ಬರುತ್ತೆ. ಎಲ್ಲಿ ಸಡಿಲ ಬಿಡ್ಬೇಕು ಅನ್ನೋದಕ್ಕೇ ನಮ್ಮನ್ನ ಇಟ್ಕೊಳ್ಳೋದು" ಅಂದಳು ಗೆಳತಿ.

ಇಳಿಜಾರು ಉಳಿಸಿದ ಊರು, ಇಳಿಜಾರು ಕಳಕೊಂಡ ಊರು

2011ರ ಮಾರ್ಚ್ 11. ಜಪಾನಿನ ಈಶಾನ್ಯ ಕರಾವಳಿಯಾಚೆ 9ರ ತೀವ್ರತೆಯ ಭೂಕಂಪ, ಅದರ ಹಿಂದೆಯೇ ಸುನಾಮಿ. ಸೆಂಡಾಯ್ ನಗರದ ಸುಮಾರು ಶೇ 70ರಷ್ಟು ಕೊಳಚೆಯನ್ನು ಸಂಸ್ಕರಿಸುತ್ತಿದ್ದ ಮಿನಾಮಿ-ಗಾಮೊ ಘಟಕ ಸಮುದ್ರದ ಪಕ್ಕದಲ್ಲೇ ಇತ್ತು. 10 ಮೀಟರಿಗೂ ಎತ್ತರದ ಅಲೆ ಬಂದು ಬಡಿಯಿತು. ಸುಮಾರು ನೂರು ಮಂದಿ ಆಡಳಿತ ಕಟ್ಟಡದ ತಾರಸಿ ಹತ್ತಿ ಜೀವ ಉಳಿಸಿಕೊಂಡರು. ಅವರನ್ನು ಹೆಲಿಕಾಪ್ಟರ್‌ನಲ್ಲಿ ಕರೆತಂದರು. ಪಂಪು, ಮೋಟರು, ಕರೆಂಟಿನ ಪ್ಯಾನೆಲ್ಲು ಎಲ್ಲ ಹಾಳು.

ಆದರೂ ಸೆಂಡಾಯ್ ನಗರದೊಳಗೆ ಕೊಳಚೆ ಉಕ್ಕಿ ಬರಲಿಲ್ಲ. ಕಾರಣ, ನಗರದಿಂದ ಘಟಕಕ್ಕೆ ಬರುವ ಮುಖ್ಯ ಕೊಳವೆ ಪೂರ್ತಿ ಇಳಿಜಾರಿನದು. ದಾರಿಯಲ್ಲಿ ಎಲ್ಲೂ ಪಂಪು ಎತ್ತಿ ಕೊಡಬೇಕಿರಲಿಲ್ಲ. ಘಟಕ ಸತ್ತಿದ್ದರೂ ನೀರು ತನ್ನ ಪಾಡಿಗೆ ಹರಿದು ಬಂತು. ಮೊದಲು ಗಸಿ ಇಳಿಸಿ ಕ್ಲೋರಿನ್ ಹಾಕಿ ಬಿಟ್ಟರು. ಆಮೇಲೆ ತಾತ್ಕಾಲಿಕ ಜೈವಿಕ ಸಂಸ್ಕರಣೆ ಶುರು ಮಾಡಿದರು. ಹೊಸ ಘಟಕ ಪೂರ್ತಿ ಸಿದ್ಧವಾದದ್ದು 2016ರಲ್ಲಿ. ಮುಖ್ಯವಾದ ವಿದ್ಯುತ್ ಸಲಕರಣೆಗಳನ್ನು ಈ ಸಲ ಸುನಾಮಿ ಮುಟ್ಟದ ಎತ್ತರಕ್ಕೆ ಏರಿಸಿದರು. ಸೌರ ಫಲಕ ಹಾಕಿದರು, ಹರಿಯುವ ನೀರಿನಿಂದಲೇ ಒಂದಿಷ್ಟು ಕರೆಂಟು ಮಾಡಿಕೊಳ್ಳುವ ವ್ಯವಸ್ಥೆಯನ್ನೂ ಸೇರಿಸಿದರು.

ಅದೇ ವರ್ಷ, ಅದಕ್ಕೆ ಸುಮಾರು ಎರಡೂವರೆ ವಾರ ಮೊದಲು, ಫೆಬ್ರುವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಡುಗಿತ್ತು. ಅಲ್ಲಿ 185 ಮಂದಿ ಸತ್ತರು. ಸೆಂಡಾಯ್ ಅನ್ನು ಕಾಪಾಡಿದ ಇಳಿಜಾರೇ ಇಲ್ಲಿ ಕೈಕೊಟ್ಟಿತು. ಕ್ರೈಸ್ಟ್‌ಚರ್ಚ್ ಸಮತಟ್ಟಾದ ಊರು, ಒಳಚರಂಡಿ ಕೊಳವೆಗಳಿಗೆ ಇದ್ದದ್ದೇ ಅಲ್ಪ ಇಳಿಜಾರು. ನೆಲ ಲಿಕ್ವಿಫೈ ಆಗಿ ಅಲ್ಲಲ್ಲಿ ಕುಸಿದು, ಅಲ್ಲಲ್ಲಿ ಉಬ್ಬಿದಾಗ ಕೆಲವು ಕೊಳವೆಗಳು ಒಡೆಯದಿದ್ದರೂ ಹರಿಯುವುದನ್ನು ನಿಲ್ಲಿಸಿದವು. ಒಡೆದ ಕಡೆ ಮರಳು, ಹೂಳು ಒಳಗೆ ನುಗ್ಗಿ ಬ್ರಾಮ್ಲಿಯ ಸಂಸ್ಕರಣಾ ಘಟಕದವರೆಗೆ ಬಂತು. ಅಲ್ಲಿ ಗಸಿ ಇಳಿಸುವ ಟ್ಯಾಂಕುಗಳಿಗೂ ಪೆಟ್ಟಾಗಿತ್ತು. ಕೊಳಚೆಯನ್ನು ಏವನ್ ಮತ್ತು ಹೀತ್‌ಕೋಟ್ ನದಿಗಳಿಗೆ ಹಾಗೇ ಬಿಡುವ ಸ್ಥಿತಿ ಬಂತು. ಮನೆಗಳಿಗೆ ಹತ್ತಾರು ಸಾವಿರ ಕೆಮಿಕಲ್ ಟಾಯ್ಲೆಟ್‌ಗಳನ್ನು ಹಂಚಿದರು. ಬೀದಿ ಬದಿಯಲ್ಲಿ ಪ್ಲಾಸ್ಟಿಕ್ ಟಾಯ್ಲೆಟ್ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿದರು.

ಮತ್ತೆ ಕಟ್ಟುವಾಗ ತೀರಾ ಹದಗೆಟ್ಟ ಬಡಾವಣೆಗಳಲ್ಲಿ ಇಳಿಜಾರಿನ ಹಂಗೇ ಬೇಡವೆಂದು ಒತ್ತಡದಲ್ಲಿ ತಳ್ಳುವ, ನಿರ್ವಾತದಲ್ಲಿ ಹೀರುವ ಕೊಳವೆ ವ್ಯವಸ್ಥೆ ತಂದರು. ಕಾಯಿಸಿ ಬೆಸೆದ ಪಾಲಿಥಿಲೀನ್ ಪೈಪುಗಳು ಬಾಗಿದರೂ ಒಡೆಯುವುದು ಕಡಿಮೆ ಅಂತ ಅಲ್ಲಿನ ಅನುಭವ ತೋರಿಸಿತು. ಒಂದೇ ಉತ್ತರ ಎಲ್ಲ ಊರಿಗೂ ಸಲ್ಲುವುದಿಲ್ಲ. ಡಿಸೈನ್ ಶುರುವಾಗಬೇಕಾದ್ದು ನಮ್ಮ ನೆಲ ಎಂಥದು ಅನ್ನುವ ಪ್ರಶ್ನೆಯಿಂದ.

ನೀರು ಕುಡಿಯದ ಅಜ್ಜಿಯರು

ಇದೆಲ್ಲ ಓದುತ್ತಾ ಇದ್ದಾಗ ಒಂದು ಕಡೆ ನಿಂತುಬಿಟ್ಟೆ. ಕೋಬೆಯ ಶಾಲೆಗಳಲ್ಲಿ ತೆರೆದ ಆಶ್ರಯ ಕೇಂದ್ರಗಳ ವಿವರ ಅದು. ಟಾಯ್ಲೆಟ್‌ಗಳು ಮೊದಲ ದಿನವೇ ತುಂಬಿ ಹೋದವು. ಶಾಲೆಯ ಈಜುಕೊಳದಿಂದ ಬಕೆಟ್‌ನಲ್ಲಿ ನೀರು ಹೊತ್ತು ತಂದು ಸುರಿದರು. ಅಂಗಳದಲ್ಲಿ ಗುಂಡಿ ತೋಡಿದರು. ನೀಗಾಟಾ ಭೂಕಂಪದಲ್ಲಿ ಎಷ್ಟೋ ಜನ ಕಾರಿನೊಳಗೇ ದಿನಗಟ್ಟಲೆ ಮಲಗಿದರು. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡಿದರು, ಅದರಲ್ಲೂ ಹೆಂಗಸರು, ವಯಸ್ಸಾದವರು. ಅಲುಗಾಡದೆ ಕೂತು, ನೀರಿಲ್ಲದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಕೆಲವರು ಸತ್ತರು. ಭೂಕಂಪದಲ್ಲಿ ಬದುಕುಳಿದವರು ಅವರು.

'ಕುಡಿದ್ರೆ ಹೋಗ್ಬೇಕಲ್ಲೇ.' ಅಮ್ಮನ ಮಾತು ಕಿವಿಯಲ್ಲಿ ಕೇಳಿಸಿತು.

ಆ ಅನುಭವಗಳಿಂದ ಜಪಾನಿನಲ್ಲಿ 'ಮ್ಯಾನ್‌ಹೋಲ್ ಟಾಯ್ಲೆಟ್' ಬಳಕೆಗೆ ಬಂತು. ಶಾಲೆ, ಪಾರ್ಕುಗಳಲ್ಲಿ ಒಳಚರಂಡಿ ಕೊಳವೆಯ ಮೇಲೆ ಸಾಲಾಗಿ ಮುಚ್ಚಳಗಳನ್ನು ಮೊದಲೇ ಕೂರಿಸಿರುತ್ತಾರೆ. ಭೂಕಂಪವಾದರೆ ಮುಚ್ಚಳ ತೆಗೆದು, ಮೇಲೆ ಸೀಟು ಇಟ್ಟು, ಸುತ್ತ ಟೆಂಟ್ ಹಾಕಿದರೆ ಟಾಯ್ಲೆಟ್ ಸಿದ್ಧ. ಕೋಬೆ ಇದರಲ್ಲಿ ಮುಂದಾಳು. ಅಷ್ಟೇ ಅಲ್ಲ, ನಗರದ ಸಂಸ್ಕರಣಾ ಘಟಕಗಳನ್ನು ಒಂದಕ್ಕೊಂದು ಜೋಡಿಸುವ ಸುಮಾರು 33 ಕಿಲೋಮೀಟರ್ ಉದ್ದದ ಕೊಳವೆ ಜಾಲವನ್ನು ಕಟ್ಟಿ 2011ರಲ್ಲಿ ಮುಗಿಸಿತು. ಒಂದು ಘಟಕ ಬಿದ್ದರೆ ಅದರ ಕೊಳಚೆ ಇನ್ನೊಂದಕ್ಕೆ ಹೋಗುತ್ತದೆ. ಈಗ ಪಕ್ಕದಲ್ಲಿ ಕಾಲುವೆ ಇದೆಯೋ ಇಲ್ಲವೋ ಎಂಬ ಅದೃಷ್ಟವನ್ನು ಅವರು ನೆಚ್ಚಿಕೊಳ್ಳಬೇಕಿಲ್ಲ.

'ಬೆಂಗಳೂರಲ್ಲಿ ಭೂಕಂಪ ಆಗುತ್ತಾ ಮೇಡಂ?'

ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದಾಗ ಬಂದ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದೆ: 2, 3, 4, 5. ಅದರಲ್ಲಿ ಬೆಂಗಳೂರು ಅತಿ ಕಡಿಮೆ ಅಪಾಯದ 2ನೇ ವಲಯ. ಮಂಗಳೂರು 3, ದೆಹಲಿ 4, ಗುವಾಹಟಿ, ಶ್ರೀನಗರ, ಭುಜ್ 5. ಲೆಕ್ಕಕ್ಕೆ ಹಿಡಿಯುವ ವಲಯಾಂಕ 2ನೇ ವಲಯದಲ್ಲಿ 0.10, 5ನೇ ವಲಯದಲ್ಲಿ 0.36. ಅಂದರೆ ಗುವಾಹಟಿಯಲ್ಲಿ ಕಟ್ಟುವ ಟ್ಯಾಂಕು ನಮ್ಮದಕ್ಕಿಂತ ಮೂರೂವರೆ ಪಟ್ಟು ಹೆಚ್ಚಿನ ನಡುಕಕ್ಕೆ ಸಿದ್ಧವಿರಬೇಕು.

ಆದರೆ 'ಕಡಿಮೆ' ಅಂದರೆ 'ಇಲ್ಲ' ಅಂತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಕಿಲಾರಿ ಮತ್ತು ಸುತ್ತಲಿನ ಹಳ್ಳಿಗಳು ಕುಸಿದು ಸಾವಿರಾರು ಜನ ಸತ್ತರು. ಲಾತೂರು ಜಿಲ್ಲೆಯ ಆ ಊರು ನಮ್ಮ ಬೀದರ್, ಕಲಬುರಗಿಗೆ ಎಷ್ಟು ದೂರ? ಅಂದಿನ ನಕ್ಷೆಯಲ್ಲಿ ಕಿಲಾರಿ ಇದ್ದದ್ದು 1ನೇ ವಲಯದಲ್ಲಿ, ಎಲ್ಲಕ್ಕಿಂತ ಸುರಕ್ಷಿತ ಅಂತ ಗುರುತಿಸಿದ್ದ ವಲಯದಲ್ಲಿ. ಆಮೇಲೆ 1ನೇ ವಲಯವನ್ನೇ ತೆಗೆದುಹಾಕಿ 2ರೊಳಗೆ ಸೇರಿಸಿದರು.

ಟ್ಯಾಂಕುಗಳ ವಿಷಯದಲ್ಲೂ ನಾವು ತಡವಾಗಿ ಕಲಿತವರೇ. 1984ರ ಹಳೇ ಸಂಹಿತೆಯಲ್ಲಿ ಕಂಬದ ಮೇಲಿನ ಓವರ್‌ಹೆಡ್ ಟ್ಯಾಂಕುಗಳ ಮಾತಿತ್ತು, ನೆಲದ ಮೇಲೆ ಕೂತ ಟ್ಯಾಂಕುಗಳ ಲೆಕ್ಕ ಇರಲಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಐಐಟಿ ಕಾನ್ಪುರ, ಗುಜರಾತಿನ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜೊತೆ ಸೇರಿ ನೀರಿನ ಟ್ಯಾಂಕುಗಳಿಗೆ ಮಾರ್ಗಸೂಚಿ ಬರೆಯಿತು. ದ್ರವ ತುಂಬಿದ ಟ್ಯಾಂಕುಗಳಿಗಾಗಿಯೇ ಇರುವ ಐಎಸ್ 1893ರ ಎರಡನೇ ಭಾಗ ಬಂದದ್ದು 2014ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಎಷ್ಟೋ ಘಟಕಗಳು ಈಗಲೂ ಕೆಲಸ ಮಾಡುತ್ತಿವೆ.

ಮೀಟಿಂಗಿನಲ್ಲಿ ಹಿರಿಯರೊಬ್ಬರು, "ಸರಿ ಮಗಳೇ, ಈಗ ಟ್ಯಾಂಕ್ ಒಡೆದು ಕಟ್ಟೋಕಾಗುತ್ತಾ?" ಅಂದರು. ಬೇಕಿಲ್ಲ. ಗೆಳತಿಯನ್ನು ಒಂದು ದಿನ ಕರೆಸಿ ನಮ್ಮ ಬೇಸ್‌ಮೆಂಟ್ ತೋರಿಸಿದ್ದೆ. ಅವಳು ಟಾರ್ಚ್ ಹಿಡಿದು ನೋಡಿ ಹೇಳಿದ್ದನ್ನು ಇಲ್ಲಿ ಕೊಡುತ್ತೇನೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ನೋಡಬಹುದು.

ಮೊದಲನೆಯದು, ಕರೆಂಟಿನ ಪ್ಯಾನೆಲ್. ನಮ್ಮದು ಬೇಸ್‌ಮೆಂಟಿನ ಅತಿ ತಗ್ಗಿನ ಮೂಲೆಯಲ್ಲಿದೆ. ಟ್ಯಾಂಕಿನ ನೀರು ಚೆಲ್ಲಿದರೆ ಮೊದಲು ಮುಳುಗುವುದು ಅದೇ. ಭೂಕಂಪವೇ ಬೇಕಿಲ್ಲ, ಒಂದು ಜೋರು ಮಳೆ ಸಾಕು.

ಎರಡನೆಯದು, ಬೋಲ್ಟುಗಳು. ಗಾಳಿ ಊದುವ ಬ್ಲೋವರ್, ಪಂಪು, ಜನರೇಟರ್, ಕೆಮಿಕಲ್ ಡ್ರಮ್ಮುಗಳು ನೆಲಕ್ಕೆ, ಗೋಡೆಗೆ ಕಚ್ಚಿಕೊಂಡಿವೆಯೇ? ನಮ್ಮ ಒಂದು ಬ್ಲೋವರಿಗೆ ನಾಲ್ಕರಲ್ಲಿ ಎರಡೇ ಬೋಲ್ಟ್ ಇತ್ತು. ದೊಡ್ಡ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರ್ ಕಟ್ಟಿಡದಿದ್ದರೆ ಉರುಳಿ ಸೋರಬಹುದು, ಅದು ಕೊಳಚೆಗಿಂತ ದೊಡ್ಡ ಅಪಾಯ.

ಮೂರನೆಯದು, ಟ್ಯಾಂಕಿನ ಗೋಡೆಗೆ ಪೈಪು ಸೇರುವ ಜಾಗ. ಅಲ್ಲಿ ಬಾಗುವ ಜೋಡಣೆ ಇದೆಯೇ, ಬರೀ ಸಿಮೆಂಟೇ? ನಾಲ್ಕನೆಯದು, ಮಳೆಗಾಲದಲ್ಲಿ ಕ್ಲೀನಿಂಗ್ ಅಂತ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಬಿಡುವ ಅಭ್ಯಾಸವಿದ್ದರೆ ನಿಲ್ಲಿಸಿ. ದೋಣಿಯ ಮಾತು ನೆನಪಿದೆಯಲ್ಲ.

ಐದನೆಯದಕ್ಕೆ ದುಡ್ಡೇ ಬೇಡ: ಘಟಕ ನಿಂತರೆ ಮೊದಲ ದಿನ, ಮೊದಲ ವಾರ ಏನು ಮಾಡುತ್ತೇವೆ ಅಂತ ಒಂದು ಹಾಳೆಯಲ್ಲಿ ಬರೆದಿಡುವುದು. ಸ್ಪೇರ್ ಪಂಪು ಎಲ್ಲಿದೆ? ಟ್ಯಾಂಕರಿನವರ ನಂಬರ್ ಯಾರ ಹತ್ತಿರ ಇದೆ? ನಡೆಯಲು ಆಗದ ಹಿರಿಯರು, ಗರ್ಭಿಣಿಯರು ಯಾವ ಯಾವ ಮನೆಯಲ್ಲಿದ್ದಾರೆ, ಅವರಿಗೆ ಏನು ವ್ಯವಸ್ಥೆ?

ಮೀಟಿಂಗಿನಲ್ಲಿ ಸ್ಪೇರ್ ಪಂಪಿಗೆ, ಬೋಲ್ಟುಗಳಿಗೆ ಒಪ್ಪಿಗೆ ಸಿಕ್ಕಿತು. ಪ್ಯಾನೆಲ್ ಮೇಲೆತ್ತುವ ಖರ್ಚನ್ನು 'ಮುಂದಿನ ವರ್ಷ ನೋಡೋಣ' ಅಂತ ಮುಂದೂಡಿದರು. ಮತ್ತೆ ಕೇಳುತ್ತೇನೆ. ಹಾಳೆ ಬರೆಯುವ ಕೆಲಸ ನನಗೇ ಬಂತು.

ಬರೆದು ಮುಗಿಸಿ ಅಮ್ಮನಿಗೆ ಓದಿ ಹೇಳಿದೆ. ಪಂಪು, ವಾಲ್ವು, ಟ್ಯಾಂಕರ್ ಎಲ್ಲ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಹಿರಿಯರ ಪಟ್ಟಿ ಬಂದಾಗ ತಡೆದರು. "ಮೂರನೇ ಫ್ಲೋರಿನ ಅಜ್ಜೀನ ಬಿಟ್ಟಿದೀಯ. ಅವತ್ತು ಅವರೂ ಏನೂ ಕುಡೀಲಿಲ್ಲ ಅಂತ ಹೇಳ್ತಿದ್ರು. ಸೇರಿಸು."

ಸೇರಿಸಿದೆ.